ಪ್ರೆಸ್ ಖಾತೆಯ ಕಿವಿಗಳಿಗೆ ಆರು ಮ್ಯಾಂಡೊಲಿನ್ ಕ್ಯಾಸೆಟ್ಟುಗಳು

ಕಾರ್ಮಿಕ ಕಲ್ಯಾಣ ವಿಭಾಗ
ತಗಡಿನ ಪೀಪಾಯಿ ಕಾರ್ಖಾನೆ, ರಬಾಳೆ, ಠಾಣೆ ಜಿಲ್ಲೆ, ಮಹಾರಾಷ್ಟ್ರ

ಸುತ್ತೋಲೆ ಸಂಖ್ಯೆ: ಕಾ.ಕ.ವಿ./ಪ್ರೆಸ್/ಮ್ಯಾಂ/೬/೧೯೮೬
ದಿನಾಂಕ: ೧೭ ನವೆಂಬರ್ ೧೯೮೬

ವಿಷಯ: ನಾನಾ ಸಂಗೀತ ಪದ್ಧತಿಗಳಲ್ಲಿ ಮ್ಯಾಂಡೊಲಿನ್ ವಾದನದ ಅತ್ಯಾವಶ್ಯಕ ಧ್ವನಿಮುದ್ರಣಗಳು, ಹಾಗೂ ಅವು ಕೇಳಿಸುವ ಬಗ್ಗೆ ಕಾರ್ಮಿಕರ ಹೊಣೆಗಾರಿಕೆ.

ಉಲ್ಲೇಖ:
(ಅ) ನಾಲ್ಕನೇ ಪ್ರೆಸ್ಸಿನ ಕಾರ್ಮಿಕ ಶ್ರೀ ಮಾಪಣ್ಣ ಇವರ ಹೆಬ್ಬೆಟ್ಟಿನ ಅರ್ಜಿ, ದಿನಾಂಕ ೧೧ ಆಗಸ್ಟ್.
(ಆ) ಇದೇ ವಿಭಾಗದ ಸುತ್ತೋಲೆ ಸಂಖ್ಯೆ ೫ (ಯಾರಿಗೂ ಅರ್ಥವಾಗದ ಕಾರಣ ಹಿಂಪಡೆಯಲಾಗಿದೆ).
(ಇ) ಠಾಣೆಯ ಕಿವಿ ವೈದ್ಯರ ವರದಿ.

೧. ಹಿಂದಿನ ಸುತ್ತೋಲೆಯು ಮರಾಠಿ ಮತ್ತು ಇಂಗ್ಲಿಷಿನಲ್ಲಿತ್ತು. ತಗಡು ಒತ್ತುವ ಪ್ರೆಸ್ ಖಾತೆಯ ನಲವತ್ತೊಂದು ಜನರಲ್ಲಿ ಮೂವತ್ತೆಂಟು ಜನ ಗುಲಬರ್ಗಾ, ಬಿಜಾಪುರದ ಕಡೆಯವರಾಗಿದ್ದು, ಅದನ್ನು ದೀಪಾವಳಿ ರಜೆಯ ಕಾಗದವೆಂದು ತಿಳಿದು ಸಂತೋಷದಿಂದ ಹೆಬ್ಬೆಟ್ಟು ಒತ್ತಿದ್ದರು. ಆದಕಾರಣ ಇದನ್ನು ಕನ್ನಡದಲ್ಲಿ ಹೊರಡಿಸಲಾಗುತ್ತಿದೆ. ಕರಡು ಬರೆದವರು ಕೋಪರಿ ನಿವಾಸಿ, ವಿಭಾಗದ ಗುಮಾಸ್ತ ಶ್ರೀ ಲೀಲಾಧರ. ಅವರ ಕನ್ನಡ ಕರಾವಳಿಯದಾಗಿದ್ದು, ಶಾಲೆಯ ಪುಸ್ತಕದಂತೆ ಕೇಳುತ್ತದೆಂಬ ದೂರನ್ನು ಗಮನಿಸಲಾಗಿದೆ. ಓದಲು ಬಾರದವರಿಗೆ ಇದನ್ನು ಓದಿ ಹೇಳತಕ್ಕದ್ದು. ಕಿವಿ ಕೇಳದವರು ತಾವೇ ಓದಿಕೊಳ್ಳತಕ್ಕದ್ದು. ಎರಡೂ ಆಗದವರು ಈಗಾಗಲೇ ಅರ್ಥ ಮಾಡಿಕೊಂಡಿದ್ದಾರೆಂದು ಭಾವಿಸಲಾಗುವುದು.

೨. ‘ಕಲ್ಯಾಣ ವಿಭಾಗ’ ಎಂದರೆ ಕಲ್ಯಾಣ ಊರಿನಲ್ಲಿರುವ ವಿಭಾಗವಲ್ಲ. ಶ್ರೀ ಮಾಪಣ್ಣ ತಮ್ಮ ಅರ್ಜಿಯನ್ನು ಹಿಡಿದು ರಬಾಳೆಯಿಂದ ಬಸ್ಸಿನಲ್ಲಿ ಠಾಣೆಗೂ, ಅಲ್ಲಿಂದ ಲೋಕಲ್ಲಿನಲ್ಲಿ ಕಲ್ಯಾಣಕ್ಕೂ ಹೋಗಿ, ಸ್ಟೇಶನ್ನಿನ ಹೊರಗೆ ನಾಲ್ಕು ಮಂದಿ ರಿಕ್ಷಾದವರನ್ನು ವಿಚಾರಿಸಿ, ಅವರು ಹೇಳಿದ್ದು ಯಾವುದೂ ಕೇಳಿಸದೆ ಸಂಜೆ ಹಿಂದಿರುಗಿದ್ದಾರೆ. ಆ ದಿನದ ಗೈರುಹಾಜರಿ ಖಾಯಂ ಆಗಿದೆ. ವಿಭಾಗವು ಅವರ ಪ್ರೆಸ್ಸಿನಿಂದ ಅರವತ್ತು ಹೆಜ್ಜೆಯ ದೂರದಲ್ಲಿದೆ ಎಂಬುದನ್ನು ಎಲ್ಲರ ಅವಗಾಹನೆಗೆ ತರಲಾಗಿದೆ.

೩. ಅರ್ಜಿಯ ಹಿನ್ನೆಲೆ ಹೀಗಿದೆ. ಶ್ರೀ ಮಾಪಣ್ಣ ಒಂಬತ್ತು ವರ್ಷಗಳಿಂದ ನಾಲ್ಕನೇ ಪ್ರೆಸ್ಸಿನಲ್ಲಿ ತಗಡು ಒತ್ತುತ್ತಿದ್ದಾರೆ. ಎರಡು ವರ್ಷಗಳಿಂದ ಅವರು ಊಟದ ಭೋಂಗಾ (ಸೈರನ್) ಕೂಗಿದರೂ ಕೆಲಸ ನಿಲ್ಲಿಸುತ್ತಿರಲಿಲ್ಲ. ಇದನ್ನು ವಿಭಾಗವು ಕರ್ತವ್ಯನಿಷ್ಠೆ ಎಂದು ದಾಖಲಿಸಿ, ೧೯೮೫ರ ಗಣರಾಜ್ಯೋತ್ಸವದಂದು ಅವರಿಗೆ ಒಂದು ಸ್ಟೀಲ್ ಲೋಟ ನೀಡಿ ಸನ್ಮಾನಿಸಿತ್ತು. ಇದೇ ಆಗಸ್ಟ್ ಆರರಂದು ತಗಡು ತುಂಬಿದ ಟ್ರಾಲಿಯೊಂದು ಅವರ ಹಿಂದಿನಿಂದ ಬಂದಿತು. ಟ್ರಾಲಿಯವನು ನಿಯಮದಂತೆ ಮೂರು ಸಲ ಕೂಗಿದನು. ಶ್ರೀ ಮಾಪಣ್ಣ ತಿರುಗಲಿಲ್ಲ. ಅವರ ಎಡಗಾಲಿನ ಎರಡು ಬೆರಳು ಮುರಿದವು. ಕೂಗುವುದು ಟ್ರಾಲಿಯವನ ಹೊಣೆ, ಕೇಳಿಸಿಕೊಳ್ಳುವುದು ಎದುರು ಪಕ್ಷದ ಹೊಣೆ ಎಂದು ವಿಭಾಗವು ತೀರ್ಮಾನಿಸಿತು. ತಮಗೆ ಕಿವಿ ಕೇಳಿಸುತ್ತಿಲ್ಲ, ಸದ್ದು ಕಡಿಮೆಯಿರುವ ಬಣ್ಣದ ಖಾತೆಗೆ ಹಾಕಬೇಕು ಎಂಬುದು ಅರ್ಜಿದಾರರ ಕೋರಿಕೆ.

೪. ಕಿವಿ ಪರೀಕ್ಷಿಸುವ ಯಂತ್ರ ಕಾರ್ಖಾನೆಯಲ್ಲಿಲ್ಲ. ಕಾರ್ಮಿಕನನ್ನು ಠಾಣೆಗೆ ಕಳುಹಿಸಿದರೆ ಅವನು ದಾರಿಯಲ್ಲಿ ಸುಧಾರಿಸಿಬಿಡುವ ಅಪಾಯವಿದೆ. ಡೊಂಬಿವಲಿಯಲ್ಲಿ ವಾಸವಿರುವ ಮಾನ್ಯ ಕಲ್ಯಾಣಾಧಿಕಾರಿಯವರ ಬಳಿ ಮ್ಯಾಂಡೊಲಿನ್ ವಾದನದ ಆರು ಕ್ಯಾಸೆಟ್ಟುಗಳೂ ಒಂದು ಟೇಪ್ ರೆಕಾರ್ಡರೂ ಇದ್ದವು. ಮ್ಯಾಂಡೊಲಿನ್ನಿಗೆ ಮಾತಿಲ್ಲ, ಆದ್ದರಿಂದ ಭಾಷೆಯ ತಕರಾರು ಬರುವುದಿಲ್ಲ; ಅದರ ತಂತಿ ಸಣ್ಣಗೆ ಮಿಡಿಯುವುದರಿಂದ, ಅದು ಕೇಳಿಸಿದವನಿಗೆ ಮಿಕ್ಕಿದ್ದೆಲ್ಲ ಕೇಳಿಸಲೇಬೇಕು; ಕೇಳಿಸಿದವನ ಕಾಲು ತಾಳಕ್ಕೆ ತಾನೇ ತಟ್ಟುತ್ತದೆ. ಈ ತತ್ವದ ಮೇಲೆ ಮೂವರ ಸಮಿತಿ ನಾಲ್ಕು ಸಲ ಸಭೆ ಸೇರಿ ಪಟ್ಟಿಯನ್ನು ಅಂಗೀಕರಿಸಿತು.

೫. ಅತ್ಯಾವಶ್ಯಕ ಧ್ವನಿಮುದ್ರಣಗಳು:

ಒಂದು: ಕರ್ನಾಟಕ ಶಾಸ್ತ್ರೀಯ. ವಿದ್ಯುತ್ ಮ್ಯಾಂಡೊಲಿನ್, ಜೊತೆಗೆ ಮೃದಂಗ, ಘಟ. ಹಂಸಧ್ವನಿಯಿಂದ ಆರಂಭ. ತಂತಿಯನ್ನು ಎಳೆದೆಳೆದು ನುಡಿಸಿರುವುದರಿಂದ ಕಾಲು ಯಾವಾಗ ತಟ್ಟಬೇಕೆಂಬುದು ಸಮಿತಿಗೂ ತಿಳಿದಿಲ್ಲ.
ಎರಡು: ಹಿಂದೂಸ್ತಾನಿ. ಯಮನ್, ಇಪ್ಪತ್ತೆರಡು ನಿಮಿಷದ ಆಲಾಪ. ಇದರಲ್ಲಿ ತಾಳವಿಲ್ಲ. ಇದಕ್ಕೆ ಕಾಲು ತಟ್ಟಿದವರನ್ನು ಸಂಶಯದಿಂದ ನೋಡತಕ್ಕದ್ದು.
ಮೂರು: ಹಿಂದಿ ಸಿನಿಮಾ ಹಾಡುಗಳ ವಾದ್ಯರೂಪ. ಸಮಿತಿಯ ಸದಸ್ಯರೊಬ್ಬರು ಕೇಳುತ್ತ ಕೇಳುತ್ತ ಬಾಯಲ್ಲಿ ಹಾಡಿದ್ದು, ಅವರಿಗೆ ಮೌಖಿಕ ಎಚ್ಚರಿಕೆ ನೀಡಲಾಗಿದೆ.
ನಾಲ್ಕು: ಐರೋಪ್ಯ ಶಾಸ್ತ್ರೀಯ. ಮ್ಯಾಂಡೊಲಿನ್ ಮತ್ತು ಹದಿನಾರು ಪಿಟೀಲು. ಹಿಂಬದಿಯಲ್ಲಿ ಅಧಿಕಾರಿಗಳ ಮನೆಯ ಗಣಪತಿ ಆರತಿ ತಪ್ಪಿ ಮುದ್ರಣವಾಗಿದೆ. ಅದನ್ನೂ ಐರೋಪ್ಯವೆಂದೇ ಪರಿಗಣಿಸತಕ್ಕದ್ದು.
ಐದು: ಗೋವೆಯ ಮದುವೆಯ ವಾದ್ಯತಂಡ. ಚಪ್ಪಾಳೆ, ಗ್ಲಾಸಿನ ಸದ್ದು ಸಹಿತ.
ಆರು: ಅಮೆರಿಕದ ಗುಡ್ಡಗಾಡಿನ ಜಾನಪದ. ಅತಿ ವೇಗ. ಪ್ರೆಸ್ಸುಗಳನ್ನು ಇದೇ ವೇಗಕ್ಕೆ ಹೊಂದಿಸಬಹುದೇ ಎಂದು ಉತ್ಪಾದನಾ ವಿಭಾಗ ವಿಚಾರಿಸಿದೆ.

೬. ಕಾರ್ಮಿಕನನ್ನು ಕುರ್ಚಿಯ ಮೇಲೆ ಕೂರಿಸಿ ಇವನ್ನು ನುಡಿಸತಕ್ಕದ್ದು. ಕಾಲು ತಟ್ಟಿದರೆ ಕಿವಿ ಸರಿಯಿದೆ. ಆತ ಪ್ರೆಸ್ಸಿಗೆ ಹಿಂದಿರುಗತಕ್ಕದ್ದು. ತಟ್ಟದಿದ್ದರೆ ಕಿವಿ ಸರಿಯಿಲ್ಲ. ಅಂಥವನು ಕಾರ್ಖಾನೆಗೆ ಅನರ್ಹನಾದ್ದರಿಂದ ಮನೆಗೆ ಹಿಂದಿರುಗತಕ್ಕದ್ದು. ಬಣ್ಣದ ಖಾತೆಗೆ ಹೋಗುವ ದಾರಿ ಈ ನಿಯಮದಲ್ಲಿ ಎಲ್ಲಿದೆ ಎಂದು ಶ್ರೀ ಲೀಲಾಧರ ಕೇಳಿದ್ದರು. ಪ್ರಶ್ನೆಯನ್ನು ಮುಂದೂಡಲಾಯಿತು.

೭. ಪರೀಕ್ಷೆಯು ಸೆಪ್ಟೆಂಬರ್ ಒಂಬತ್ತರಂದು ನಡೆಯಿತು. ಅರ್ಜಿದಾರರ ಪತ್ನಿ ಶ್ರೀಮತಿ ದ್ರೌಪದಿ, ಬೆಟ್ಟದ ಬದಿಯ ಕಲ್ಲುಗಣಿಯ ಕೂಲಿ, ಆ ದಿನದ ಕೆಲಸ ಬಿಟ್ಟು ಗೇಟಿನವರೆಗೆ ಬಂದಿದ್ದರು. ಆಕೆ ಗಂಡನ ಎರಡೂ ಕೆನ್ನೆ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ್ದನ್ನು ಗೇಟಿನ ಪಹರೆಯವರು ಬರೆಸಿದ್ದಾರೆ: “ಸಾಹೇಬರ ಕಾಲು ನೋಡ್ರಿ. ಅವರು ಕುಣಿಸಿದ್ರ ನೀವೂ ಕುಣಸ್ರಿ. ಕೆಲಸ ಹೋದ್ರ ಊರಿಗಿ ಹೋಗಿ ಏನ್ ಮಾಡಾದು?”

ಶ್ರೀ ಮಾಪಣ್ಣ ಹಾಗೆಯೇ ಮಾಡಿದರು. ಬ್ಯಾಂಡೇಜು ಸುತ್ತಿದ ಎಡಗಾಲನ್ನು ಚಾಚಿ, ಬಲಗಾಲಿನಿಂದ, ಅಧಿಕಾರಿಗಳ ಬೂಟಿನ ಮೇಲೆ ಕಣ್ಣಿಟ್ಟು ಮೂರು ಕ್ಯಾಸೆಟ್ಟುಗಳಿಗೆ ತಾಳ ಹಾಕಿದರು (ಎರಡನೆಯದಕ್ಕೆ ಅಧಿಕಾರಿಗಳ ಬೂಟೂ ಆಡಿದ್ದರಿಂದ ಸಂಶಯಪಡಲಾಗಲಿಲ್ಲ). ನಾಲ್ಕನೆಯದು ಆರಂಭವಾದ ಕೂಡಲೇ ಕರೆಂಟು ಹೋಯಿತು. ಟೇಪ್ ರೆಕಾರ್ಡರ್ ನಿಂತಿತು. ಮೇಜಿನ ಕೆಳಗೆ ಸೊಳ್ಳೆಗಳಿದ್ದ ಕಾರಣ ಅಧಿಕಾರಿಗಳ ಕಾಲು ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಶ್ರೀ ಮಾಪಣ್ಣನವರ ಕಾಲೂ ನಿಲ್ಲಲಿಲ್ಲ. ಸಂಪೂರ್ಣ ನಿಶ್ಶಬ್ದದಲ್ಲಿ ಅವರು ನಾಲ್ಕು ನಿಮಿಷ ತಾಳ ಹಾಕಿದರು.

ಸಮಿತಿಯ ನಡಾವಳಿ: “ಧ್ವನಿಮುದ್ರಣವು ನುಡಿಯದಿರುವಾಗಲೂ ಸದರಿ ಕಾರ್ಮಿಕರಿಗೆ ಕೇಳಿಸುತ್ತಿದೆ. ಶ್ರವಣಶಕ್ತಿ ಸಾಮಾನ್ಯಕ್ಕಿಂತ ಅಧಿಕ. ಪ್ರೆಸ್ಸಿಗೆ ಹಿಂದಿರುಗಿಸಬಹುದು.”

೮. ನಡಾವಳಿ ಬರೆಯುತ್ತಿದ್ದ ಶ್ರೀ ಲೀಲಾಧರ ‘ಕರೆಂಟು ಹೋಗಿತ್ತು’ ಎಂಬ ಸಾಲು ಸೇರಿಸಿದರು. ಅಧಿಕಾರಿಗಳು ಅದನ್ನು ಹೊಡೆದುಹಾಕಿದರು. ಗುಮಾಸ್ತರು ಮತ್ತೆ ಬರೆದರು. ಕಾರಣ ಕೇಳಿದಾಗ ಅವರು ಕೊಟ್ಟ ಉತ್ತರ: “ಕರೆಂಟು ಹೋದದ್ದು ಹೌದಲ್ವಾ ಸಾರ್? ನಾನು ಬೇರೆ ಎಂತ ಬರೆಯುವುದು?” ಇಷ್ಟಕ್ಕೇ ನಿಲ್ಲದೆ ಅವರು ಹೊರಗೆ ಹೋಗಿ, ಗೇಟಿನ ಬಳಿ ಕುಳಿತಿದ್ದ ಶ್ರೀಮತಿ ದ್ರೌಪದಿಯವರ ಹೇಳಿಕೆಯನ್ನು ಅನುಮತಿಯಿಲ್ಲದೆ ಪಡೆದು ಕಡತಕ್ಕೆ ಪಿನ್ನು ಹಾಕಿದ್ದಾರೆ. ಪಿನ್ನು ಕೀಳಲು ಬಾರದಷ್ಟು ಗಟ್ಟಿಯಾಗಿದೆ. ಹೇಳಿಕೆ ಹೀಗಿದೆ: “ಮನ್ಯಾಗ ಡಬ್ಬಿ ಬಿದ್ರೂ ತಿರುಗಂಗಿಲ್ರಿ ಅವರು. ಮಗಳು ಬೆನ್ನ ಹಿಂದ ನಿಂತು ಅತ್ತರೂ ಗೊತ್ತಾಗಂಗಿಲ್ಲ. ನಿಮ್ಮ ಪೆಟ್ಟಿಗ್ಯಾಗಿನ ತಂತಿ ಸಪ್ಪಳ ಹ್ಯಾಂಗ ಕೇಳಸ್ತದ? ನಾನೇ ಕುಣಸ್ರಿ ಅಂದಿದ್ದೆ. ತಪ್ಪು ನಂದೇ ಅದ.”

ಶ್ರೀ ಲೀಲಾಧರರಿಗೆ ಜ್ಞಾಪನ ಪತ್ರ ನೀಡಲಾಯಿತು. ಶ್ರೀ ಮಾಪಣ್ಣ ಮರುದಿನ ನಾಲ್ಕನೇ ಪ್ರೆಸ್ಸಿಗೆ ಹಾಜರಾದರು.

೯. ಅನಂತರ ನಡೆದದ್ದನ್ನು ವಿಭಾಗವು ವಿಷಾದದಿಂದ ದಾಖಲಿಸುತ್ತದೆ. ಶ್ರೀಮತಿ ದ್ರೌಪದಿ ತಾವು ವಾಸವಿರುವ ದಿಘಾದ ನಳದ ನೀರಿನ ಸಾಲಿನಲ್ಲಿ ಐದನೇ ಪ್ರೆಸ್ಸಿನ ಶ್ರೀ ಶಂಕ್ರೆಪ್ಪನವರಿಗೆ ಸಂಗತಿ ತಿಳಿಸಿದರು. ಸೆಪ್ಟೆಂಬರ್ ಹನ್ನೊಂದರಂದು ಊಟದ ನಂತರದ ಭೋಂಗಾ ಕೂಗಿದಾಗ ಪ್ರೆಸ್ ಖಾತೆಯ ನಲವತ್ತೊಂದು ಜನರಲ್ಲಿ ಒಬ್ಬರೂ ಏಳಲಿಲ್ಲ. ಮೇಸ್ತ್ರಿ ಕೂಗಿದರು, ಯಾರೂ ತಿರುಗಲಿಲ್ಲ. ಕೈಸನ್ನೆಯಿಂದ ಕೇಳಿದಾಗ ಶ್ರೀ ಶಂಕ್ರೆಪ್ಪ ಉತ್ತರಿಸಿದರು: “ಭೋಂಗಾ ಆಯ್ತೇನ್ರಿ? ನಮಗ್ಯಾರಿಗೂ ಕೇಳಿಸ್ಲಿಲ್ಲ. ಮಾಪಣ್ಣಗ ಕೇಳಸ್ತದಂತಲ್ರಿ, ಅವನ್ನೇ ಕೇಳ್ರಿ.”

ಎರಡೂವರೆ ದಿನ ಪ್ರೆಸ್ಸುಗಳು ನಿಂತವು. ಅಧಿಕಾರಿಗಳು ಆರೂ ಕ್ಯಾಸೆಟ್ಟುಗಳನ್ನು ಖಾತೆಗೇ ತಂದು ಲೌಡ್‌ಸ್ಪೀಕರಿನಲ್ಲಿ ನುಡಿಸಿದರು. ಯಂತ್ರಗಳು ನಿಂತಿದ್ದುದರಿಂದ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಆ ಶೆಡ್ಡಿನಲ್ಲಿ ಸಂಗೀತವೆಂಬುದು ಸ್ಪಷ್ಟವಾಗಿ ಹರಿದಾಡಿತು. ಒಂದು ಕಾಲೂ ಅಲುಗಲಿಲ್ಲ. ಗೋವೆಯ ಮದುವೆಯ ವೇಳೆ ಶ್ರೀ ಸೈದಪ್ಪ ಎಂಬುವರ ಹೆಬ್ಬೆರಳು ಆಡಿದ್ದನ್ನು ಮೇಸ್ತ್ರಿ ಗಮನಿಸಿದರು. ಅದು ಇರುವೆ ಕಚ್ಚಿದ್ದರಿಂದ ಎಂದು ಸದರಿಯವರು ವಿವರಣೆ ನೀಡಿದ್ದಾರೆ. ಇರುವೆ ಸಿಕ್ಕಿಲ್ಲ.

೧೦. ಮುಖ್ಯ ಕಚೇರಿಯು, ಸುಳ್ಳು ಕಿವುಡರನ್ನು ಹಿಡಿಯುವ ಸಲುವಾಗಿ, ಠಾಣೆಯಿಂದ ಕಿವಿ ವೈದ್ಯರನ್ನು ಯಂತ್ರ ಸಮೇತ ಕರೆಸಿತು. ವೈದ್ಯರು ಮೂರು ದಿನ ಪ್ರತಿಯೊಬ್ಬರ ಕಿವಿಗೂ ಯಂತ್ರವಿಟ್ಟು ನೋಡಿದರು. ಶ್ರೀ ಮಾಪಣ್ಣನವರಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅಲ್ಪಸ್ವಲ್ಪ ಉಳಿದಿದೆ ಎಂದು ವರದಿಯಾಯಿತು. ಇದು ನಿರೀಕ್ಷಿತವೇ. ಸುಳ್ಳು ಹೇಳುತ್ತಿದ್ದ ನಲವತ್ತು ಜನರಲ್ಲಿ ಇಪ್ಪತ್ತಾರು ಜನ ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನಿರೀಕ್ಷಿತವಾಗಿರಲಿಲ್ಲ. ಅವರಿಗೂ ಅದು ಗೊತ್ತಿರಲಿಲ್ಲ.

ಅವರಲ್ಲಿ ಶ್ರೀ ಶಂಕ್ರೆಪ್ಪನವರೂ ಒಬ್ಬರು. ವೈದ್ಯರು ಹೇಳಿದ್ದನ್ನು ಶ್ರೀ ಲೀಲಾಧರ ಅವರಿಗೆ ಕನ್ನಡದಲ್ಲಿ ತಿಳಿಸಿದಾಗ ಅವರು ಮೊದಲು ನಕ್ಕರು. ಆಮೇಲೆ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ತಮ್ಮ ಎಡಗಿವಿಯ ಬಳಿ ಬೆರಳುಜ್ಜಿ ನೋಡುತ್ತಿದ್ದರು. “ನಾ ನಾಟಕ ಮಾಡ್ಲಾಕತ್ತೀನಿ ಅಂತ ತಿಳಿದಿದ್ದೆ ರೀ,” ಎಂದಿದ್ದಾರೆ. ಪಕ್ಕದಲ್ಲಿದ್ದ ಶ್ರೀ ಮಾಪಣ್ಣ ಅವರ ಹೆಗಲ ಮೇಲೆ ಕೈಯಿಟ್ಟು, ತಮಗೆ ತಿಳಿಯದಂತೆಯೇ ಇಡೀ ಶೆಡ್ಡಿಗೆ ಕೇಳುವ ಧ್ವನಿಯಲ್ಲಿ ಹೇಳಿದರು: “ಅಂಜಬ್ಯಾಡೋ ಶಂಕ್ರ್ಯಾ. ಮಾರಿ ನೋಡಿ ಮಾತಾಡಾದು ಕಲಸ್ತೀನಿ ನಿನಗ.”

ನಿಜವಾದುದನ್ನು ನಟಿಸಿದವರ ಮೇಲೆ ಯಾವ ಕಲಮಿನಡಿ ಕ್ರಮ ಕೈಗೊಳ್ಳಬೇಕೆಂಬುದು ಸ್ಥಾಯೀ ಆದೇಶಗಳಲ್ಲಿ ಇಲ್ಲದ ಕಾರಣ ಕೆಲಸ ನಿಲ್ಲಿಸಿದ್ದಕ್ಕೆ ಖಾತೆಗೆ ನೀಡಿದ್ದ ಎಲ್ಲ ನೋಟೀಸುಗಳನ್ನೂ, ಶ್ರೀ ಲೀಲಾಧರರ ಜ್ಞಾಪನ ಪತ್ರವನ್ನೂ ಹಿಂಪಡೆಯಲಾಗಿದೆ.

೧೧. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

(ಕ) ಶ್ರೀ ಮಾಪಣ್ಣ ಇವರನ್ನು ಬಣ್ಣದ ಖಾತೆಗೆ ವರ್ಗಾಯಿಸಲಾಗಿದೆ. ಅಲ್ಲಿ ಬಣ್ಣದ ವಾಸನೆ ಇರುತ್ತದೆ. ಮೂಗಿಗೆ ಸಂಬಂಧಿಸಿದ ಅರ್ಜಿಗಳನ್ನು ಈ ವರ್ಷ ಸ್ವೀಕರಿಸಲಾಗುವುದಿಲ್ಲ.
(ಖ) ಪ್ರೆಸ್ ಖಾತೆಯ ಪ್ರತಿಯೊಬ್ಬರಿಗೂ ಕಿವಿಗಿಡಲು ಹತ್ತಿ ಕೊಡಲಾಗುವುದು. ಹತ್ತಿ ಇಟ್ಟುಕೊಂಡವರು ಭೋಂಗಾ ಕೇಳಿಸಿಕೊಳ್ಳುವುದನ್ನು ನಿಲ್ಲಿಸತಕ್ಕದ್ದಲ್ಲ. ಕೇಳಿಸದವರಿಗಾಗಿ ಕೆಂಪು ದೀಪವನ್ನು ಹಾಕಲಾಗಿದೆ. ಬಲ್ಬು ಬರಬೇಕಾಗಿದೆ.
(ಗ) ಮ್ಯಾಂಡೊಲಿನ್ ಪರೀಕ್ಷೆಯನ್ನು ರದ್ದುಪಡಿಸಲಾಗಿದೆ. ಕ್ಯಾಸೆಟ್ಟುಗಳನ್ನು ಊಟದ ವೇಳೆ ಕ್ಯಾಂಟೀನಿನಲ್ಲಿ ನುಡಿಸಲಾಗುವುದು. ಪ್ರೆಸ್ ಖಾತೆಯಲ್ಲಿ ಕಿವಿ ಉಳಿದಿರುವ ಹದಿನಾಲ್ಕು ಜನ ಮುಂದೆ ಕೂರತಕ್ಕದ್ದು. ಉಳಿದ ಇಪ್ಪತ್ತೇಳು ಜನ (ಶ್ರೀ ಮಾಪಣ್ಣ ಸೇರಿ) ಅವರಿಗೆ ಜೊತೆಯಾಗಿ ಕೂರಬಹುದು.
(ಘ) ಕಾಲು ತಟ್ಟುವುದು ಇನ್ನು ಮುಂದೆ ಐಚ್ಛಿಕ.

೧೨. ಕ್ಯಾಂಟೀನಿನಲ್ಲಿ ಯಾವುದನ್ನು ಮೊದಲು ನುಡಿಸಬೇಕೆಂಬ ಬಗ್ಗೆ ಅಭಿಪ್ರಾಯ ಕೇಳಲಾಗಿ, ಯಾರೂ ಮುಂದೆ ಬರಲಿಲ್ಲ. ಲೌಡ್‌ಸ್ಪೀಕರಿನ ದಿನ ಬುತ್ತಿ ತಂದು ಗೇಟಿನ ಹೊರಗೆ ಕಾದಿದ್ದ ಶ್ರೀಮತಿ ದ್ರೌಪದಿಯವರೊಬ್ಬರೇ ಆರನ್ನೂ ಪೂರ್ತಿಯಾಗಿ ಕೇಳಿದ್ದಾಗಿ ಒಪ್ಪಿಕೊಂಡವರೆಂದು ತಿಳಿದುಬಂದು, ಅವರನ್ನು ವಿಚಾರಿಸಲಾಯಿತು. ಅವರ ಅಭಿಪ್ರಾಯ: “ಎರಡನೇದ್ದು ಚಲೋ ಅದರಿ. ಬಾಜಾಬಜಂತ್ರಿ, ಗದ್ದಲ ಏನಿಲ್ಲ. ಯಾರೋ ತಮ್ಮವರನ್ನ ಮೆಲ್ಲಕ ಕರದಂಗ ಅದ. ಮನೀಗಿ ಹೋಗಿ ಅವರಿಗಿ ಹೇಳ್ಬೇಕಂತ ಅಂದ್ಕೊಂಡೆ. ಆದ್ರ ಹ್ಯಾಂಗ ಹೇಳ್ಲಿ? ಒದರಿ ಹೇಳಿದ್ರ ಅದು ಅದಾಗಿ ಉಳಿಯಂಗಿಲ್ಲ.”

ಈ ಪ್ರಶ್ನೆಗೆ ಉತ್ತರ ಕೊಡುವುದು ಯಾವ ವಿಭಾಗದ ವ್ಯಾಪ್ತಿಗೆ ಬರುತ್ತದೆ ಎಂಬುದು ಪರಿಶೀಲನೆಯಲ್ಲಿದೆ.

ಸಹಿ/-
ಕಲ್ಯಾಣಾಧಿಕಾರಿ
(ರಜೆಯಲ್ಲಿದ್ದು, ಅವರ ಪರವಾಗಿ ಲೀಲಾಧರ, ಗುಮಾಸ್ತ)

ಪ್ರತಿಗಳು:
೧. ಮುಖ್ಯ ಕಚೇರಿಗೆ, ಮಾಹಿತಿಗಾಗಿ. ಉತ್ತರ ನಿರೀಕ್ಷಿಸಿಲ್ಲ.
೨. ಉತ್ಪಾದನಾ ವಿಭಾಗಕ್ಕೆ. ಆರನೇ ಕ್ಯಾಸೆಟ್ಟಿನ ವೇಗದ ಕುರಿತ ವಿಚಾರಣೆಯನ್ನು ಕೈಬಿಡುವಂತೆ ಕೋರಿ.
೩. ಠಾಣೆಯ ಕಿವಿ ವೈದ್ಯರಿಗೆ, ವಂದನೆಗಳೊಂದಿಗೆ.
೪. ಬಣ್ಣದ ಖಾತೆಯ ಮೇಸ್ತ್ರಿಗೆ. ಹೊಸಬರನ್ನು ಎದುರಿಗೆ ಬಂದು ಮಾತಾಡಿಸತಕ್ಕದ್ದು.
೫. ಪ್ರೆಸ್ ಖಾತೆಯ ಫಲಕಕ್ಕೆ, ದೊಡ್ಡ ಅಕ್ಷರಗಳಲ್ಲಿ.
೬. ಶ್ರೀಮತಿ ದ್ರೌಪದಿಯವರಿಗೆ. ಅಕ್ಷರ ಬಾರದ ಕಾರಣ ಗುಮಾಸ್ತರು ದಿಘಾಕ್ಕೆ ಹೋಗಿ ಖುದ್ದಾಗಿ ಓದಿ ಹೇಳತಕ್ಕದ್ದು. ಹನ್ನೆರಡನೇ ಕಲಮನ್ನು ಓದುವುದು ಬಿಡುವುದು ಗುಮಾಸ್ತರ ವಿವೇಚನೆಗೆ ಬಿಟ್ಟದ್ದು.