ಕೊನೇ ಸ್ಟಾಪಿನ ಮನೆಯ ಗಂಟುಗಳು

ಸಾವಿನ ಸಂಗತಿಯನ್ನು ನಗೆಯ ಕತೆಯೆಂದು ಹೇಳಲು ಹೊರಟಿದ್ದೇನೆ. ಓದುವವರು ದಯವಿಟ್ಟು ಕ್ಷಮಿಸಬೇಕು. ಇದರಲ್ಲಿ ಬರುವವರ ಪೈಕಿ ಯಾರಿಗಾದರೂ ನೋವಾದೀತೆಂದು ಒಮ್ಮೆ ಬರೆದು ಹರಿದು ಹಾಕಿದೆ. ಹರಿದ ಮೇಲೆ ಸುಮ್ಮನಿರಲಾಗದೆ ಮತ್ತೆ ಬರೆದೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಅವರದಲ್ಲ.

ಆತ ಶವ ಸಾಗಿಸುವ ವ್ಯಾನಿನ ಚಾಲಕ. ಅವನಿದ್ದ ಕಟ್ಟಡದಲ್ಲಿ ಅವನಿಗೆ ಜನ ಇಟ್ಟಿದ್ದ ಹೆಸರು ಕೊನೇ ಸ್ಟಾಪು. ಕೆಟ್ಟ ಮನುಷ್ಯನಲ್ಲ, ಯಾರ ತಂಟೆಗೂ ಹೋದವನಲ್ಲ. ಆದರೆ ಅವನು ಲಿಫ್ಟಿಗೆ ಬಂದರೆ ಒಳಗಿದ್ದವರಿಗೆ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದೆಂದು ನೆನಪಾಗುತ್ತಿತ್ತು. ಎಲ್ಲರಂತೆ ಅವನೂ ಮಾತು ಮುಗಿಸಿ ಹೊರಡುವಾಗ ‘ಬರ್ತೀನಿ’ ಅನ್ನುತ್ತಿದ್ದ. ಅವನ ಬಾಯಲ್ಲಿ ಆ ಮಾತು ಕೇಳಿ ಒಬ್ಬರಿಗೆ ಎದೆ ಹಿಡಿದುಕೊಂಡಿತು. ಅಂದಿನಿಂದ ಏನೂ ಹೇಳದೆ ಹೊರಡುವುದನ್ನು ಕಲಿತ.

ಹೀಗಾಗಿ ಅವನ ಮನೆಗೆ ಯಾರೂ ಬರುತ್ತಿರಲಿಲ್ಲ. ಅವನ ಹೆಂಡತಿ ಮದುವೆಯಾಗಿ ಬಂದಾಗ ತಂದ ಚಹಾದ ಕಪ್ಪುಗಳಲ್ಲಿ ಎರಡು ಬಿಟ್ಟು ಉಳಿದವು ಪೆಟ್ಟಿಗೆಯ ಹುಲ್ಲಿನಲ್ಲೇ ಮಲಗಿದ್ದವು. ಅವಳು ದೂರಲಿಲ್ಲ. ಮಾತು ಕಡಿಮೆ ಮಾಡುತ್ತ ಬಂದಳು, ಅಷ್ಟೆ. ಮನೆಯೊಳಗೆ ಎರಡು ಗಡಿಯಾರಗಳಿದ್ದಂತೆ ಗಂಡಹೆಂಡಿರಿದ್ದರು. ಸದ್ದು ಮಾಡುತ್ತಿದ್ದವು, ಮಾತಾಡುತ್ತಿರಲಿಲ್ಲ.

ಆಮೇಲೆ ಹಗ್ಗ ಬಂತು.

ಸ್ಮಶಾನದಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ದಪ್ಪನೆಯ ಬಿಳಿ ಹತ್ತಿಹಗ್ಗದಿಂದ. ನೈಲಾನು ಜಾರುತ್ತದೆ, ಅಂಗೈ ಸುಡುತ್ತದೆ. ಒಬ್ಬರನ್ನು ಇಳಿಸಿದ ಹಗ್ಗದಿಂದ ಇನ್ನೊಬ್ಬರನ್ನು ಇಳಿಸುವುದಿಲ್ಲ. ಇದು ಅಲ್ಲಿ ಕೆಲಸ ಮಾಡುವವರೇ ಮಾಡಿಕೊಂಡ ಕಟ್ಟಳೆ. ಇಳಿಸಿಯಾದ ಹಗ್ಗ ಶೆಡ್ಡಿನ ಮೂಲೆ ಸೇರುತ್ತಿತ್ತು. ಒಳ್ಳೆಯ ಹತ್ತಿ ಹಾಗೆ ಬಿದ್ದು ಕೊಳೆಯುವುದನ್ನು ನೋಡಲಾರದೆ ಅವನು ಒಂದು ದಿನ ಒಂದು ಸಿಂಬಿ ಮನೆಗೆ ತಂದ. ಮಣ್ಣು ಹೋಗುವಂತೆ ತೊಳೆದು, “ಗೋಡೌನಲ್ಲಿ ಉಳಿದ ಮಾಲು” ಎಂದು ಹೆಂಡತಿಯ ಮುಂದಿಟ್ಟ.

ಅವಳು ಫೋನಿನಲ್ಲಿ ನೋಡಿ ಮ್ಯಾಕ್ರೆಮೆ ಕಲಿತಳು. ಸೂಜಿಯಿಲ್ಲ, ಮಗ್ಗವಿಲ್ಲ, ಬರೀ ಕೈಯಿಂದ ಹಗ್ಗಕ್ಕೆ ಗಂಟು ಹಾಕುತ್ತ ಹೋಗುವ ಕೆಲಸ. ಕಿಟಕಿಯಲ್ಲಿ ಹೂಕುಂಡ ತೂಗುವ ಜೋಳಿಗೆ ಬಂತು. ಕನ್ನಡಿಯ ಸುತ್ತ ಕುಚ್ಚು ಬಂತು, ಅಡುಗೆಮನೆ ಬಾಗಿಲಿಗೆ ಪರದೆ ಬಂತು, ಮಂಚದ ತಲೆದೆಸೆಗೆ ಎಲೆಯಾಕಾರದ್ದೊಂದು ಪುಟ್ಟ ತೂಗು ಬಂತು. ಎದುರು ಮನೆಯ ಟೀಚರಮ್ಮ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು, ಆ ಹೂಕುಂಡ ನೋಡಿ ಹೊಸ್ತಿಲಲ್ಲಿ ನಿಂತರು. ಇನ್ನೊಂದು ದಿನ ಒಳಗೆ ಬಂದು ಕೂತರು. ಬಳಿಕ ಕೆಳಗಿನ ಮನೆಯ ದರ್ಜಿ ಬಂದ, ಮೇಲಿನ ಮನೆಯಿಂದ ಕಟ್ಟಡದ ಸೆಕ್ರೆಟರಿ ಬಂದ. ಎಲ್ಲರಿಗೂ ಒಂದೊಂದು ಬೇಕಂತೆ. ಪೆಟ್ಟಿಗೆಯ ಹುಲ್ಲಿನಿಂದ ಕಪ್ಪುಗಳು ಎದ್ದು ಬಂದವು. ಬೇರೆಯವರು ಕುಡಿದಿಟ್ಟ ಕಪ್ಪು ತೊಳೆಯುತ್ತ ಹೆಂಡತಿ ಹಾಡಿಕೊಳ್ಳುವುದನ್ನು ಕೊನೇ ಸ್ಟಾಪು ಕೇಳಿದ. ಆ ಹಾಡು ನಿಲ್ಲಬಾರದು ಅನ್ನುವುದೊಂದೇ ಅವನಿಗೆ ಅಂದಿನಿಂದ ಬದುಕಿನ ಗುರಿಯಾಯಿತು. ಹಗ್ಗದ ಮೂಲ ಗೊತ್ತಾದರೆ ಕಪ್ಪುಗಳು ಮತ್ತೆ ಹುಲ್ಲಿಗೆ ಹೋಗುತ್ತವೆ.

ಆ ದಿನ ಬೆಳಿಗ್ಗೆ ಅವಳು ಚೀಲ ಹಿಡಿದು ಹೊರಟು ನಿಂತಳು.

“ರೀ, ಸಂಜೆ ಬೇಗ ಬನ್ನಿ. ಎಲ್ಲರನ್ನೂ ಚಹಾಕ್ಕೆ ಕರೆದಿದ್ದೀನಿ. ಅವರವರ ತೂಗು ತಗೊಂಡು ಬರ್ತಾರೆ, ಒಟ್ಟಿಗೆ ಇಟ್ಟು ನೋಡೋಣ ಅಂತ. ನಿಮ್ಮ ಗುದ್ದಲಿ ಮಾವನಿಗೂ ಹೇಳಿದ್ದೀನಿ.”

“ಯಾರಿಗೆ?”

“ಗುದ್ದಲಿ ಮಾವನಿಗೆ. ಯಾಕೆ, ಅವರು ಮನುಷ್ಯರಲ್ವಾ?”

ಗುದ್ದಲಿ ಮಾವ ಸ್ಮಶಾನದಲ್ಲಿ ಗುಂಡಿ ತೋಡುವವನು. ಕಣ್ಣು ಹದ್ದಿನದು, ಬಾಯಿ ತೂತುಬಿದ್ದ ಬಕೆಟ್ಟು. ಆ ಹಗ್ಗ ಹಿಡಿದು ಅವನ ಅಂಗೈಯೇ ದಡ್ಡುಗಟ್ಟಿದೆ. ಬಾಗಿಲಲ್ಲಿ ನಿಂತೇ ‘ಏ, ಇದು ನಮ್ಮದಲ್ವಾ!’ ಅಂದುಬಿಡುತ್ತಾನೆ.

ಹೆಂಡತಿ ಅತ್ತ ಹೋದದ್ದೇ ತಡ, ಕೊನೇ ಸ್ಟಾಪು ಗೋಣಿಚೀಲ ತೆಗೆದ. ಕಿಟಕಿ, ಕನ್ನಡಿ, ಬಾಗಿಲು, ತಲೆದೆಸೆ ಎಲ್ಲ ಬೋಳಾಯಿತು. ನಂತರ ಎದುರು ಮನೆಯ ಬಾಗಿಲು ತಟ್ಟಿದ.

“ಟೀಚರಮ್ಮಾ, ಆ ಹಗ್ಗಕ್ಕೆ ಹುಳ ಬಿದ್ದಿದೆಯಂತೆ. ಬಿಸಿನೀರಿಗೆ ಹಾಕಿ ಕೊಡ್ತೀನಿ, ಕೊಡಿ.”

ಟೀಚರಮ್ಮನ ಮುಖ ಬಿಳಿಚಿಕೊಂಡಿತು. “ಹುಳವೇ? ಅಯ್ಯೋ, ಇಲ್ಲೂ ಬಿಡಲಿಲ್ವಾ!” ಎಂದು ಗೋಡೆಯಿಂದ ತೂಗನ್ನು ಇಳಿಸಿ ಎದೆಗೆ ಒತ್ತಿಕೊಂಡರು. “ನೋಡಪ್ಪಾ, ಜೋರಾಗಿ ಹಿಂಡಬೇಡ. ಮೊದಲೇ ಸೊಂಟನೋವು.”

ವಯಸ್ಸಾದವರು, ತಮ್ಮ ಸೊಂಟದ ಮಾತಾಡುತ್ತಿರಬೇಕು ಅಂದುಕೊಂಡ.

ದರ್ಜಿ ಹೊಲಿಗೆ ಯಂತ್ರದ ಮೇಲೆ ತೂಗುಹಾಕಿದ್ದ ಜೋಳಿಗೆಯನ್ನು ಬಿಚ್ಚಿ, ಮಡಚಿ, ಒಂದು ಒಗೆದ ಬಟ್ಟೆಯಲ್ಲಿ ಸುತ್ತಿ ಕೊಟ್ಟ. “ಹುಷಾರಾಗಿ ಹೋಗಿ ಬಾ. ಸಂಜೆ ಕಾಯ್ತಿರ್ತೀನಿ” ಅಂದ. ಅಷ್ಟು ಪ್ರೀತಿಯಿಂದ ಆ ಕಟ್ಟಡದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಕೊನೇ ಸ್ಟಾಪಿನ ಕಣ್ಣು ಒದ್ದೆಯಾಯಿತು.

ಸೆಕ್ರೆಟರಿ ತನ್ನದನ್ನು ಬಚ್ಚಲುಮನೆಯಲ್ಲಿ, ಟವೆಲ್ಲಿನ ಪಕ್ಕ ನೇತುಹಾಕಿದ್ದ.

“ಹುಳವಾ? ಬಿಸಿನೀರು ಸಾಲದು, ಕುದಿಯೋ ನೀರು ಹಾಕು. ಕಲ್ಲಿಗೆ ಬಡಿ. ನನ್ನ ಮೇಲೆ ಕೇಸು ಹಾಕ್ತಾನಂತೆ ಕೇಸು!”

“ಯಾರು ಸಾರ್?”

“ನಿನಗ್ಯಾಕೆ? ತಗೊಂಡು ಹೋಗು. ಆಮೇಲೆ… ವಾಪಸ್ ತರ್ತೀಯ ತಾನೆ?”

ಚೀಲ ತುಂಬಿತು. ಈಗ ಅದನ್ನು ಎಲ್ಲಿ ಹಾಕುವುದು? ಕಸದವರು ಬಿಚ್ಚಿ ನೋಡುತ್ತಾರೆ. ಸುಟ್ಟರೆ ಹೊಗೆ ಏಳುತ್ತದೆ, ಹೊಗೆ ಕಂಡಲ್ಲಿ ಸೆಕ್ರೆಟರಿ ಏಳುತ್ತಾನೆ. ವ್ಯಾನಿನಲ್ಲಿಟ್ಟುಕೊಂಡು ಸ್ಮಶಾನಕ್ಕೆ ಬಂದಾಗ ಗುದ್ದಲಿ ಮಾವ ಗುಂಡಿ ತೋಡಿಟ್ಟು ಚಹಾಕ್ಕೆ ಹೋಗಿದ್ದ. ಮಧ್ಯಾಹ್ನ ಬರಲಿದ್ದವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೊನೇ ಸ್ಟಾಪು ಗುಂಡಿ ನೋಡಿದ, ಚೀಲ ನೋಡಿದ. ಚೀಲ ಒಳಗೆ ಹೋಯಿತು. ಅದರ ಮೇಲೆ ಒಂದಷ್ಟು ಮಣ್ಣೂ ಹೋಯಿತು.

ಮಾವ ಬಂದು ಗುಂಡಿಯ ಅಂಚಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ.

“ಅಳಿಯಾ, ನಾನು ತೋಡಿದ್ದು ಎದೆಮಟ್ಟ. ಈಗ ಸೊಂಟದ ಹತ್ತಿರ ಬಂದಿದೆಯಲ್ಲೋ.”

“ನೀನೇ ಉದ್ದ ಆಗಿರಬೇಕು ಮಾವ.”

“ಈ ವಯಸ್ಸಿಗಾ?”

ಅಷ್ಟರಲ್ಲಿ ಮ್ಯಾನೇಜರ ಮನೆಯವರು ಬಂದೇಬಿಟ್ಟರು. ಪೆಟ್ಟಿಗೆ ಇಳಿಯಿತು. ತಳ ಮುಟ್ಟಿ, ಒಳ್ಳೆಯ ಹಾಸಿಗೆಯ ಮೇಲೆ ಕೂತವರಂತೆ ಒಮ್ಮೆ ಮೆಲ್ಲಗೆ ಮೇಲೆದ್ದು ಮತ್ತೆ ಕೂತಿತು. ನೆಂಟರು ಹಿಂದೆ ಸರಿದರು. ಮ್ಯಾನೇಜರ ಹೆಂಡತಿ ಮಾತ್ರ ಅಲುಗಲಿಲ್ಲ. “ಯಾವತ್ತೂ ಹಾಗೇ, ಒಂದು ಕಡೆ ಕೂತವರಲ್ಲ” ಅಂದರು.

ಸಂಜೆ ಕೊನೇ ಸ್ಟಾಪು ಮನೆಗೆ ಬಂದಾಗ ಹೆಂಡತಿ ಕೋಣೆಯ ನಡುವೆ ನಿಂತಿದ್ದಳು. ಗೋಡೆಗಳ ಮೇಲೆ ಮೊಳೆಗಳು ಮಾತ್ರ ಇದ್ದವು. ಮೇಜಿನ ಮೇಲೆ ಬಿಸ್ಕತ್ತು, ಸಾಲಾಗಿ ಕಪ್ಪುಗಳು.

“ತೊಳೆಯೋಕೆ ಕೊಟ್ಟಿದ್ದೀನಿ ಕಣೇ. ಹುಳ…”

ಅವನು ಮಾತು ಮುಗಿಸುವ ಮೊದಲೇ ಟೀಚರಮ್ಮ ಬಂದರು. “ಒಣಗಿದ್ವಾ?” ಅಂದರು. ಹಿಂದೆಯೇ ದರ್ಜಿ ಮತ್ತು ಸೆಕ್ರೆಟರಿ ಬಂದರು, ಕೊನೆಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಗುದ್ದಲಿ ಮಾವ.

“ಏನು ತಾಯೀ, ಮನೆ ಬೋಳಾಗಿದೆ? ನಾನು ಗುರುತು ಹಿಡಿದು ಕೊಟ್ಟಿದ್ದೆಲ್ಲಾ ಎಲ್ಲಿ?”

ಕೊನೇ ಸ್ಟಾಪು ಮಾವನತ್ತ ತಿರುಗಿದ. “ಏನು ಗುರುತು?”

“ಯಾವ ಹಗ್ಗ ಯಾರದು ಅಂತ. ನೀನು ಮನೆಗೆ ಹೊರೋದು, ನಿನ್ನ ಹೆಂಡತಿ ನನ್ನ ಹತ್ತಿರ ತಂದು ತೋರಿಸೋದು. ಇದು ಟೀಚರಮ್ಮನ ಯಜಮಾನರದು, ಇದು ದರ್ಜಿಯ ಅಮ್ಮಂದು, ಇದು ಸೆಕ್ರೆಟರಿ ಅಣ್ಣಂದು ಅಂತ ನಾನು ಹೇಳೋದು. ನಿನಗೆ ಗೊತ್ತಿಲ್ವಾ?”

ಅವನು ಹೆಂಡತಿಯತ್ತ ತಿರುಗಿದ.

“ಮೊದಲ ಸಿಂಬಿಯಲ್ಲೇ ಮಣ್ಣಿತ್ತು. ಒಣಗಿದ ಹೂವಿನ ಎಸಳೂ ಇತ್ತು. ತೊಳೆದೇ ಕೊಟ್ರಿ, ಆದ್ರೆ ನೀವು ತೊಳೆಯೋದು ಹೇಗಂತ ನನಗೆ ಗೊತ್ತಿಲ್ವಾ?” ಅಂದಳು. “ನನಗೆ ಗೊತ್ತು ಅಂತ ಹೇಳಿದ್ರೆ ಹೆದರಿ ತರೋದು ನಿಲ್ಲಿಸ್ತಿದ್ರಿ. ಇವರೆಲ್ಲ ಬರ್ತಾ ಇದ್ದದ್ದೇ ಅದಕ್ಕೆ. ಎಲ್ಲಿಟ್ಟಿದ್ದೀರಿ?”

ಅವನು ಹೇಳಿದ. ಯಾವ ಗುಂಡಿ, ಯಾರ ಪೆಟ್ಟಿಗೆಯ ಕೆಳಗೆ, ಎಲ್ಲ ಹೇಳಿದ.

ಚಹಾ ಆರುತ್ತಿತ್ತು. ಮೊದಲು ಬಾಯಿ ತೆರೆದವರು ಟೀಚರಮ್ಮ.

“ಒಂದೇ ಮನುಷ್ಯನನ್ನ ಎರಡು ಸಲ ಹೂತೆಯಲ್ಲೋ!”

“ನಮ್ಮಮ್ಮನಿಗೆ ಗೋಣಿಚೀಲ ಅಂದ್ರೆ ಮೈ ತುರಿಸ್ತಿತ್ತು,” ಅಂದ ದರ್ಜಿ, ನೆಲ ನೋಡುತ್ತ.

“ನಮ್ಮಣ್ಣ ಯಾರ ಜೊತೆಗೂ ಹೊಂದಿಕೊಂಡು ಹೋಗೋನಲ್ಲ,” ಅಂದ ಸೆಕ್ರೆಟರಿ. “ಅಲ್ಲೂ ಜಗಳ ತೆಗೀತಾನೆ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಬೈತಿದ್ದೆ. ಇನ್ನು ಯಾರಿಗೆ ಬೈಯಲಿ? ಹೇಳು, ಯಾರಿಗೆ ಬೈಯಲಿ?” ಅವನ ದನಿ ಒಡೆಯಿತು. ಅದನ್ನು ಮುಚ್ಚಲು ಎರಡು ಬಿಸ್ಕತ್ತು ಒಟ್ಟಿಗೆ ಬಾಯಿಗಿಟ್ಟುಕೊಂಡ.

“ತಲೆದೆಸೆಯದ್ದೂನಾ?” ಎಂದಳು ಹೆಂಡತಿ.

“ಹೂಂ.”

“ಅದು ನನ್ನ ಅಮ್ಮಂದು.”

ಅವಳು ಅಷ್ಟೇ ಹೇಳಿದ್ದು. ಹೊಡೆದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

“ಮಾವ, ತೆಗೆಯೋಕಾಗಲ್ವಾ?” ಅಂದ.

“ಹೂತದ್ದನ್ನ ತೆಗೆಯೋಕೆ ಆ ಮನೆಯವರು ಒಪ್ಪಬೇಕು ಅಳಿಯಾ. ಏನಂತ ಕೇಳ್ತೀಯ? ನಿಮ್ಮ ಯಜಮಾನರ ಕೆಳಗೆ ನಮ್ಮ ಹೂಕುಂಡದ ಜೋಳಿಗೆ ಇದೆ, ಸ್ವಲ್ಪ ಸರಿಸ್ತೀರಾ ಅಂತಲಾ? ನಿನ್ನ ಕೆಲಸವೂ ಹೋಗುತ್ತೆ, ನನ್ನದೂ ಹೋಗುತ್ತೆ.”

ಎಲ್ಲರೂ ಹಾಗೇ ಎದ್ದು ಹೋದರು. ಆದರೆ ಭಾನುವಾರ ಬೆಳಿಗ್ಗೆ ಟೀಚರಮ್ಮ ಹೂ ಹಿಡಿದು ಅವನ ವ್ಯಾನಿನ ಪಕ್ಕ ನಿಂತಿದ್ದರು. “ನಡಿ” ಅಂದರು. ದರ್ಜಿ ಹಿಂದಿನಿಂದ ಹತ್ತಿದ. ಸೆಕ್ರೆಟರಿ ಮುಂದಿನ ಸೀಟು ಕೇಳಿದ. ಅಲ್ಲಿ ಆಗಲೇ ಫ್ಲಾಸ್ಕು ಮತ್ತು ಕಪ್ಪುಗಳ ಚೀಲ ಮಡಿಲಲ್ಲಿಟ್ಟುಕೊಂಡು ಹೆಂಡತಿ ಕೂತಿದ್ದಳು. ಲಿಫ್ಟಿನಲ್ಲಿ ಅವನ ಪಕ್ಕ ನಿಲ್ಲದ ಜನ ಅವನ ವ್ಯಾನಿನೊಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಹೋದರು.

ಮ್ಯಾನೇಜರ ಹೆಂಡತಿ ಮಗನೊಡನೆ ಬಂದಾಗ ಅವರ ಯಜಮಾನರ ಸುತ್ತ ಒಂದು ಸಂಸಾರವೇ ನೆರೆದಿತ್ತು. ಟೀಚರಮ್ಮ ಕಾಲಿನ ಕಡೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಸೆಕ್ರೆಟರಿ ಮಣ್ಣಿನತ್ತ ಬೆರಳು ತೋರಿಸಿ ಬೈಯುತ್ತಿದ್ದ. ಕೊನೇ ಸ್ಟಾಪಿನ ಹೆಂಡತಿ ಎಲ್ಲರಿಗೂ ಚಹಾ ಹಂಚುತ್ತಿದ್ದಳು.

“ನೀವು ಯಾರು?” ಎಂದರು ಮ್ಯಾನೇಜರ ಹೆಂಡತಿ.

ಟೀಚರಮ್ಮ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. “ನಮ್ಮ ಯಜಮಾನರು ಇಲ್ಲಿದ್ದಾರೆ” ಅಂದುಬಿಟ್ಟರು.

“ನಿಮ್ಮ ಯಜಮಾನರು!”

ದರ್ಜಿ ಸಹಾಯ ಮಾಡಲು ಮುಂದೆ ಬಂದ. “ತಪ್ಪು ತಿಳೀಬೇಡಿ ಅಮ್ಮಾ. ನಮ್ಮಮ್ಮನೂ ಅವರ ಜೊತೆಗೇ ಇರೋದು.”

ಮ್ಯಾನೇಜರ ಹೆಂಡತಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. ದರ್ಜಿಯ ಮೂಗಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಅವರ ಕಣ್ಣು ನಿಂತಿತು. ಕೊನೆಗೆ ಕೊನೇ ಸ್ಟಾಪಿನತ್ತ ತಿರುಗಿ, “ನಮ್ಮವರನ್ನ ಇಲ್ಲಿಗೆ ತಂದವನು ನೀನಲ್ವಾ? ನಿಜ ಹೇಳು” ಅಂದರು.

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಗುಂಡಿ ಅಗೆಯುತ್ತಾರೆ, ಮಾವನೂ ಬೀದಿಗೆ ಬೀಳುತ್ತಾನೆ. ಅವನು ಕೈಮುಗಿದು, “ಸಾಹೇಬರು ಎಲ್ಲರಿಗೂ ಬೇಕಾದವರಾಗಿದ್ರು ಅಮ್ಮಾ” ಅಂದ.

ಆ ಹೆಂಗಸು ತಂದಿದ್ದ ಹೂವನ್ನು ಪಕ್ಕದ ಸಮಾಧಿಯ ಮೇಲಿಟ್ಟು, ಮಗನ ತೋಳು ಹಿಡಿದು ಹೊರಟುಹೋದರು. ಮತ್ತೆ ಬರಲಿಲ್ಲ.

ಉಳಿದವರು ಪ್ರತಿ ಭಾನುವಾರ ಹೋಗುತ್ತಾರೆ. ಅಲ್ಲಿ ಹೆಂಡತಿ ಮಾತಾಡುತ್ತಾಳೆ, ನಗುತ್ತಾಳೆ, ಯಾರಿಗೆ ಸಕ್ಕರೆ ಎಷ್ಟೆಂದು ಕೇಳುತ್ತಾಳೆ. ಕೊನೇ ಸ್ಟಾಪಿಗೆ ಅದು ಕೇಳಿಸುವುದಿಲ್ಲ. ಅವನು ವ್ಯಾನಿನಲ್ಲೇ ಕೂತಿರುತ್ತಾನೆ. ಮನೆಗೆ ಈಗ ಯಾರೂ ಬರುವುದಿಲ್ಲ. ಅವನು ಹೊಸ ಹಗ್ಗ ತಂದಿಟ್ಟರೂ ಅವಳು ಮುಟ್ಟಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದ, ಎಲ್ಲ ಒಂದೇ ಬಣ್ಣದ, ಒಂದೇ ದಪ್ಪದ ಹಗ್ಗಗಳಲ್ಲಿ ಯಾವುದು ಯಾರದೆಂದು ಗುದ್ದಲಿ ಮಾವ ಹೇಗೆ ಗುರುತು ಹಿಡಿಯುತ್ತಿದ್ದ? ನಾನು ಅವನನ್ನೇ ಕೇಳಿದೆ. “ಅವನ ಹೆಂಡತಿ, ಆ ಮಗು, ಹಗ್ಗ ಹಿಡಿದು ಎದುರು ನಿಂತಾಗ ಗೊತ್ತಿಲ್ಲ ಅನ್ನೋಕಾಗುತ್ತಾ?” ಅಂದ. ಅಂದರೆ ಅವನಿಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.