ಹಸಿರು ಹುಳದ ಎಣ್ಣೆಯೂ ಹಿರಿಯಳಿಯನ ರುಮಾಲೂ

"ಈ ಸಲ ರುಮಾಲು ಸುತ್ತೋ ಹೊತ್ತಿಗೆ ನೋಡ್ತಿರು! ನನ್ನ ತಲಿ ಮುಂದ ಆ ಗವಿಸಿದ್ದೇಶನ ತಲಿ ಏನೂ ಅಲ್ಲ ಅನ್ನಬೇಕು ಜನ!" ಎಂದು ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಬೆನಕಪ್ಪ ಹೆಂಡತಿ ನೀಲಗಂಗಮ್ಮನೆದುರು ಶಪಥ ಮಾಡಿದ.

ಗವಿಸಿದ್ದೇಶ ಅವನ ಷಡ್ಡಕ, ಇಟ್ಟಿಗಿ ಊರಿನವನು. ವಯಸ್ಸಿನಲ್ಲಿ ಎರಡೇ ವರ್ಷ ಚಿಕ್ಕವ, ಕೂದಲಿನಲ್ಲಿ ಮಾತ್ರ ಚಕ್ರವರ್ತಿ! ಬೆನಕಪ್ಪನ ತಲೆಯೋ, ಒಕ್ಕಣೆ ಮುಗಿದ ಕಣ. ಹಿಂದಿನ ಮದುವೆಯೊಂದರಲ್ಲಿ ಯಾರೋ ಅಜ್ಜಿ ಇಬ್ಬರನ್ನೂ ನೋಡಿ, "ಅಪ್ಪ ಮಗ ಕೂಡೇ ಬಂದೀರೇನ್ರಿ?" ಅಂದುಬಿಟ್ಟಿದ್ದಳು. ಅಂದು ಹೊಟ್ಟೆಯಲ್ಲಿ ಹತ್ತಿದ ಕಿಚ್ಚು ಇನ್ನೂ ಆರಿರಲಿಲ್ಲ. ಈಗ ಬಾಗಳಿಯಲ್ಲಿ ಭಾಮೈದನ ಮದುವೆ. ಅಳಿಯಂದಿರಿಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಜೋಡಿ ಕೂರಿಸಿ, ಬೀಗರೆಲ್ಲರ ಮುಂದೆ ರುಮಾಲು ಸುತ್ತುವವರಿದ್ದರು.

ಮುನ್ನಾದಿನ ಗಂಡ ಹೆಂಡತಿ ಇಟ್ಟಿಗಿಯ ಷಡ್ಡಕನ ಮನೆಗೆ ಬಂದಿಳಿದರು, ಬೆಳಿಗ್ಗೆ ಎಲ್ಲರೂ ಕೂಡಿ ಹೋಗುವುದೆಂದು. ಸಂಜೆ ಕೈಕಾಲು ತೊಳೆಯಲು ಹೋದ ಬೆನಕಪ್ಪನಿಗೆ ಬಚ್ಚಲಿನ ಗೋಡೆಯ ಮೇಲಿನ ಗೂಡಿನಲ್ಲಿ, ಷಡ್ಡಕನ ಬಾಚಣಿಗೆಯ ಹಿಂದೆ, ಒಂದು ಬಾಟಲಿ ಕಂಡಿತು. ಎಣ್ಣೆಯಲ್ಲಿ ಮಿರಮಿರ ಮಿಂಚುವ ಹಸಿರು ಹುಳುಗಳು. ಸಜ್ಜೆ ತೆನೆಯ ಮೇಲೆ ಕೂರುತ್ತವಲ್ಲ, ಅವೇ!

"ಎಲಾ ಕಳ್ಳ! ಗುಟ್ಟು ಇಲ್ಲೈತೇನು!"

ಅರ್ಧ ಬಾಟಲಿ ಬೋಳಿಗೆ ಸುರಿದು ತಿಕ್ಕಿದ. ಉರಿ ಹತ್ತಿತು. ಕೂದಲು ಬೇರು ಬಿಡುತ್ತಿದೆ ಎಂದು ಹಿಗ್ಗಿದ. ಇನ್ನೂ ಉರಿಯಿತು. ಫಸಲು ಜೋರಿದೆ ಎಂದು ಹಲ್ಲು ಕಚ್ಚಿ ಮಲಗಿದ!

ಬೆಳಿಗ್ಗೆ ಕನ್ನಡಿಯಲ್ಲಿ ಫಸಲು ಕಾಣಿಸಿತು. ನೆಲ್ಲಿಕಾಯಿ ಗಾತ್ರದ ಗುಳ್ಳೆಗಳು! ಅವನ ಕೂಗಿಗೆ ನಾದಿನಿ, ಗವಿಸಿದ್ದೇಶನ ಹೆಂಡತಿ ಅರ್ಚನಾ ಓಡಿಬಂದಳು.

"ಅಯ್ಯಯ್ಯ ಮಾಮಾರ, ಅದನ್ಯಾಕ ಹಚ್ಕೊಂಡ್ರಿ? ಎತ್ತಿನ ಮೈಮ್ಯಾಲಿನ ನರುಲಿ ಗಂಟು ಉದುರಿಸಾಕ ಇಟ್ಟಿದ್ದ ಎಣ್ಣಿ ಅದು! ವಿಷದ ಹುಳ ಅಂತ ಹುಡುಗ್ರ ಕೈಗೆ ಸಿಗದಂಗ ಮ್ಯಾಲಿಟ್ಟಿದ್ವಿ. ಎತ್ತಿಗೂ ಕಡ್ಡೀಲೆ ಒಂದೇ ಹನಿ ಮುಟ್ಟಸ್ತೀವ್ರಿ!"

ಗವಿಸಿದ್ದೇಶನೇ ಬೈಕಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಓಡಿಸಿದ. ದಾರಿಯುದ್ದಕ್ಕೂ ಅವನ ಕೂದಲು ಗಾಳಿಗೆ ಹಾರಿ ಬೆನಕಪ್ಪನ ಮುಖಕ್ಕೇ ಬಡಿಯುತ್ತಿತ್ತು.

ಬಾಗಳಿಯ ಮದುವೆಗೇನೋ ಮುಟ್ಟಿದರು, ಆದರೆ ಮುಲಾಮು ಮೆತ್ತಿದ ತಲೆಗೆ ಬಟ್ಟೆ ಸೋಕಿಸುವ ಹಾಗಿರಲಿಲ್ಲ. ಅತ್ತೆ ಮರುಳಸಿದ್ದಮ್ಮ ಹಿರಿಯಳಿಯನ ರುಮಾಲನ್ನು ಮಡಿಕೆ ಸಮೇತ ಅವನ ತೊಡೆಯ ಮೇಲಿಟ್ಟಳು. ಬೀಗರೆಲ್ಲ ಗುಳ್ಳೆಗಳನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಗವಿಸಿದ್ದೇಶನಿಗೆ ಜರಿ ರುಮಾಲು ಸುತ್ತಿದರು ನೋಡಿ, ಹಣೆ, ಕಿವಿ, ಕುತ್ತಿಗೆಯವರೆಗೂ ಬಿಗಿಯಾಗಿ. ಆ ಚಕ್ರವರ್ತಿಯ ಒಂದೇ ಒಂದು ಕೂದಲೂ ಹೊರಗೆ ಕಾಣಲಿಲ್ಲ.

ನೀಲಗಂಗಮ್ಮ ಹಿಂದಿನಿಂದ ಬಗ್ಗಿ ಗಂಡನ ಕಿವಿಯಲ್ಲಿ ಕೇಳಿದಳು:

"ಅಲ್ರೀ, ರುಮಾಲು ಸುತ್ತಿದ ಮ್ಯಾಲೆ ಯಾರದು ಬೋಳು ಅಂತ ಯಾರಿಗೆ ಕಾಣ್ತಿತ್ರಿ?"