ಕುಳಿತ ಸ್ತ್ರೀ, ಭಾಗಶಃ ಶಿಥಿಲ

ಆಲ್ಡರ್‌ಬಿ ಕೋಟೆ 1322ನೆಯ ಇಸವಿಯಲ್ಲಿ ಬಿತ್ತು. ಅದು ಬಿದ್ದಂತೆಯೇ ಇರುವಂತೆ ನೋಡಿಕೊಳ್ಳಲು ಅವಶೇಷ ಪಾಲನಾ ಇಲಾಖೆ ಇದೆ. ಬಿದ್ದ ಕಲ್ಲನ್ನು ಎತ್ತುವಂತಿಲ್ಲ, ನಿಂತ ಕಲ್ಲನ್ನು ಕೆಡವುವಂತಿಲ್ಲ, ಹೊಸ ಕಲ್ಲಿನ ಮಾತೇ ಇಲ್ಲ.

ಕೋಟೆ ಬಾಗಿಲಲ್ಲಿ ಮೂವತ್ತೊಂದು ವರ್ಷದಿಂದ ಟಿಕೆಟ್ ಹರಿಯುತ್ತಿದ್ದವಳು ಡೋರೀನ್ ಥ್ಯಾಕ್ರೆ. ಬಲಮಂಡಿ ಸವೆದುಹೋಗಿತ್ತು. ಎರಡು ವರ್ಷ ಕಾಯಿಸಿ ಆಸ್ಪತ್ರೆಯವರು ಕೊನೆಗೂ ದಿನ ಕೊಟ್ಟಿದ್ದರು: ಬರುವ ಮಂಗಳವಾರ, ಹೊಸ ಮಂಡಿ.

ಅದಕ್ಕೆ ಎಂಟು ದಿನ ಮುಂಚೆ, ಸೋಮವಾರ, ಜಿನುಗು ಮಳೆಯಲ್ಲಿ, ಇಲಾಖೆಯ ಪ್ರೌಸ್ ಸಾಹೇಬರು ಅಳತೆಪಟ್ಟಿ ಹಿಡಿದು ಬಂದರು.

"ಸ್ವಲ್ಪ ಏಳ್ತೀರಾ ಅಮ್ಮಾ? ಬಾಗ್ಲು ಅಳೀಬೇಕು."

"ಏಳೋಕಾಗಿದ್ರೆ ಆಪರೇಶನ್ ಯಾಕ್ರೀ? ನನ್ನನ್ನೂ ಸೇರಿಸ್ಕೊಂಡು ಅಳೀರಿ!"

ಸಾಹೇಬರು ಹಾಗೆಯೇ ಮಾಡಿದರು.

ಗುರುವಾರ ಇಲಾಖೆಯ ಪ್ರಕಟಣೆ ಬಂತು: ಸಂರಕ್ಷಿತ ಅವಶೇಷಗಳ ಪಟ್ಟಿ. ಗೋಡೆ ನಾಲ್ಕು, ಬುರುಜು ಒಂದೂವರೆ, ಬಾಗಿಲು ಒಂದು. ಬಾಗಿಲಿಗೆ ಹೊಂದಿಕೊಂಡಂತೆ ಕುಳಿತ ಸ್ತ್ರೀ ಒಂದು, ಭಾಗಶಃ ಶಿಥಿಲ. ಮೂಲ ಭಾಗ ತೆಗೆದು ಹೊಸದನ್ನು ಜೋಡಿಸುವುದು ಪುನರ್ನಿರ್ಮಾಣ ಎನಿಸುವುದರಿಂದ ಮಂಗಳವಾರದ ಕಾಮಗಾರಿಯನ್ನು ತಡೆಹಿಡಿಯಲಾಗಿದೆ.

ಡೋರೀನ್ ಫೋನಿನಲ್ಲಿ ಸಾಹೇಬರನ್ನು ತರಾಟೆಗೆ ತೆಗೆದುಕೊಂಡಳು. "ರೀ ಸ್ವಾಮಿ, ಇದು ನನ್ನ ಮಂಡಿ!"

"ಸೋಮವಾರದವರೆಗೆ ನಿಮ್ದಾಗಿತ್ತು. ಈಗ ರಾಷ್ಟ್ರದ್ದು."

"ನೋವು ಯಾರ್ದು ಹಾಗಾದ್ರೆ?"

ಕಾಗದ ಮಗುಚುವ ಸದ್ದು. "ನೋವು ಹಳೇದಾ?"

"ಆರು ವರ್ಷದ್ದು."

"ಹಾಗಿದ್ರೆ ಮೂಲದ್ದೇ. ಅದನ್ನೂ ಕಾಪಾಡ್ತೀವಿ, ಚಿಂತೆ ಬಿಡಿ."

ಆಧಾರ ಕೊಡಲು ಮಾತ್ರ ನಿಯಮದಲ್ಲಿ ಅವಕಾಶವಿತ್ತು. ಮಂಗಳವಾರ ನಾಲ್ವರು ಬಂದು ಮಂಡಿಯ ಸುತ್ತ ಕಬ್ಬಿಣದ ಸಾರವೆ ಕಟ್ಟಿದರು. ತಾತ್ಕಾಲಿಕ ಎಂದರು. ಬುರುಜಿನ ತಾತ್ಕಾಲಿಕ ಸಾರವೆಗೆ ಆಗ ಐವತ್ತು ವರ್ಷ. ಸರದಿಯಲ್ಲಿ ಒಂದು ಹೆಸರು ಕಡಿಮೆಯಾದದ್ದಕ್ಕೆ ಆಸ್ಪತ್ರೆಯವರು ಇಲಾಖೆಗೆ ಕೃತಜ್ಞತಾ ಪತ್ರ ಬರೆದರು. ಪ್ರವಾಸಿಗರು ಹೆಚ್ಚಿದರು. ಬುರುಜಿಗಿಂತ ಇದೇ ವಾಸಿ, ಮಾತಾಡುತ್ತದೆ ಎಂದು ಭೇಟಿ ಪುಸ್ತಕದಲ್ಲಿ ಒಬ್ಬರು ಬರೆದರು.

ಭಾನುವಾರ ಗಂಡ ಕೆನೆತ್ ಫ್ಲಾಸ್ಕಿನಲ್ಲಿ ಚಹಾ ತಂದ. ಅವಳ ಸುತ್ತ ಕಟ್ಟಿದ್ದ ಹಗ್ಗದಾಚೆ ನಿಂತು, 'ಮುಟ್ಟಬಾರದು' ಎಂಬ ಫಲಕವನ್ನು ಎರಡು ಸಲ ಓದಿದ.

"ವಯಸ್ಸಾದವ್ರಿಗೆ ರಿಯಾಯಿತಿ ಇದ್ಯೇನೇ?"

ಡೋರೀನ್ ಬೆನ್ನು ನೆಟ್ಟಗೆ ಮಾಡಿದಳು. ಮೂವತ್ತೊಂದು ವರ್ಷದಲ್ಲಿ ಒಬ್ಬರನ್ನೂ ಪುಕ್ಕಟೆ ಬಿಟ್ಟವಳಲ್ಲ.

"ಇದೆ. ವಯಸ್ಸಿಗೆ ದಾಖಲೆ ತೋರ್ಸಿ."

ತೋರಿಸಿದ. ಟಿಕೆಟ್ ಹರಿದುಕೊಟ್ಟಳು. ಅವನು ಫ್ಲಾಸ್ಕ್ ಚಾಚಿದ.

"ಅವಶೇಷದ ಮೇಲೆ ಪಾನೀಯ ಚೆಲ್ಲೋ ಹಾಗಿಲ್ಲ ಕಣ್ರೀ," ಎಂದಳು, ಚಹಾವನ್ನೇ ನೋಡುತ್ತ.

ಕೆನೆತ್ ಮಳೆಯಲ್ಲಿ ನಿಂತು ತಾನೇ ಕುಡಿದ. ಒಂದು ಸುತ್ತು ಬಂದು ಸಾರವೆಯ ತಿರುಪುಗಳನ್ನೆಲ್ಲ ಪರೀಕ್ಷಿಸಿದ.

"ಪರವಾಗಿಲ್ವೇ, ಚೆನ್ನಾಗಿಟ್ಕೊಂಡಿದ್ದಾರೆ," ಎಂದ. "ನನ್ ಕೈಲಿ ಇಷ್ಟು ಆಗ್ತಿರ್ಲಿಲ್ಲ."